ಅನುವೃತ್ತಿಯಿಲ್ಲದ ಪುಟ: ತಂತ್ರಾಂಶಗಳ ಆನ್‌ಲೈನ್ ಕೈಪಿಡಿಯ ವಿನ್ಯಾಸ ಮತ್ತು ಕನ್ನಡ ವಾಕ್ಯರಚನೆ

ಸಾರಾಂಶ

ತಂತ್ರಾಂಶದ ಆನ್‌ಲೈನ್ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದುವವರು ವಿರಳ. ಓದುಗರು ಹುಡುಕಾಟದ ಮೂಲಕ ಯಾವುದೋ ಒಂದು ಪುಟಕ್ಕೆ ನೇರವಾಗಿ ಬಂದು, ಬೇಕಾದುದನ್ನು ತಿಳಿದುಕೊಂಡು ಹೊರಟುಹೋಗುತ್ತಾರೆ. ಆದ್ದರಿಂದ ಹಿಂದಿನ ಪುಟದಲ್ಲಿ ಹೇಳಿದ್ದು ಮುಂದಿನ ಪುಟಕ್ಕೂ ಅನ್ವಯಿಸುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಕಟ್ಟಲಾಗದು. ವ್ಯಾಕರಣಶಾಸ್ತ್ರದ ‘ಅನುವೃತ್ತಿ’ಯ ಪರಿಕಲ್ಪನೆಯನ್ನು ಆಧಾರವಾಗಿಟ್ಟುಕೊಂಡು, ಯಾವ ಮಾಹಿತಿ ಪುಟದಲ್ಲಿಯೇ ಇರಬೇಕು, ಯಾವುದನ್ನು ಕೊಂಡಿಯ ಮೂಲಕ ಸೂಚಿಸಿದರೆ ಸಾಕು ಎಂಬುದಕ್ಕೆ ಈ ಲೇಖನವು ಒಂದು ಒರೆಗಲ್ಲನ್ನು ಸೂಚಿಸುತ್ತದೆ. ಧ್ವನಿವಿಶ್ಲೇಷಣೆಯ ತಂತ್ರಾಂಶವಾದ ಪ್ರಾಟ್‌ನ ಒಂದು ಕಾರ್ಯವನ್ನು ನಿದರ್ಶನವಾಗಿ ತೆಗೆದುಕೊಂಡು, ಕನ್ನಡದ ಕ್ರಿಯಾರೂಪಗಳು, ಪದಕ್ರಮ ಮತ್ತು ವಿಭಕ್ತಿಗಳು ಕೈಪಿಡಿಯ ವಿನ್ಯಾಸವನ್ನು ಹೇಗೆ ನಿರ್ಣಯಿಸುತ್ತವೆ ಎಂಬುದನ್ನು ವಿವರಿಸುತ್ತದೆ.

ಪ್ರಮುಖ ಪದಗಳು: ಬಳಕೆದಾರರ ಕೈಪಿಡಿ, ಅನುವೃತ್ತಿ, ಸಂಸಕ್ತಿ, ವಿಧ್ಯರ್ಥ, ಭೂತನ್ಯೂನ, ಪ್ರಾಟ್

1. ಪೀಠಿಕೆ

ಭಾಷಾಶಾಸ್ತ್ರದ ಸಂಶೋಧನೆ ಇಂದು ಹಲವು ತಂತ್ರಾಂಶಗಳನ್ನು ಆಶ್ರಯಿಸಿದೆ. ಧ್ವನಿಯ ಭೌತಿಕ ವಿಶ್ಲೇಷಣೆಗೆ ಪ್ರಾಟ್, ದೃಶ್ಯ-ಶ್ರಾವ್ಯ ಮುದ್ರಿಕೆಗಳ ಟಿಪ್ಪಣೀಕರಣಕ್ಕೆ ಈಲಾನ್, ನಿಘಂಟುರಚನೆ ಮತ್ತು ಪದವಿಶ್ಲೇಷಣೆಗೆ ಫೀಲ್ಡ್‌ವರ್ಕ್ಸ್ ಮುಂತಾದವು ಬಳಕೆಯಲ್ಲಿವೆ. ಇವುಗಳ ಕೈಪಿಡಿಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ. ಕನ್ನಡದ ಮೂಲಕ ಅಧ್ಯಯನ ನಡೆಸಿ ಸಂಶೋಧನೆಗೆ ಬರುವ ವಿದ್ಯಾರ್ಥಿಗಳಿಗಾಗಿ ಇಂತಹ ಕೈಪಿಡಿಗಳನ್ನು ಕನ್ನಡದಲ್ಲಿ ರೂಪಿಸಬೇಕೆಂಬ ಮಾತು ಬಂದಾಗಲೆಲ್ಲ ಚರ್ಚೆ ಪಾರಿಭಾಷಿಕ ಪದಗಳ ಸುತ್ತಲೇ ತಿರುಗುತ್ತದೆ. ಫೈಲಿಗೆ ‘ಕಡತ’ ಎನ್ನಬೇಕೆ, ಫಾರ್ಮಂಟ್‌ಗೆ ಹೊಸ ಪದ ಬೇಕೆ ಎಂಬ ಪ್ರಶ್ನೆಗಳು ಮುಖ್ಯವಾದವುಗಳೇ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವ ಮಾತನ್ನು ಯಾವ ಪುಟದಲ್ಲಿ ಇಡಬೇಕು?

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಸಂಶೋಧನೆಯ ತಂತ್ರಾಂಶದಲ್ಲಿ ಒಂದು ಷರತ್ತು ಓದುಗರ ಕಣ್ಣಿಗೆ ಬೀಳದೆ ಹೋದರೆ ತಂತ್ರಾಂಶ ನಿಲ್ಲುವುದಿಲ್ಲ, ದೋಷಸಂದೇಶವನ್ನೂ ತೋರಿಸುವುದಿಲ್ಲ. ಅದು ತಪ್ಪು ಅಂಕಿಗಳನ್ನು ಅಚ್ಚುಕಟ್ಟಾಗಿ ಕೋಷ್ಟಕದಲ್ಲಿ ತುಂಬಿಕೊಡುತ್ತದೆ, ಆ ಅಂಕಿಗಳು ಪ್ರಬಂಧದೊಳಗೆ ಸೇರಿಕೊಳ್ಳುತ್ತವೆ. ಹೀಗಾಗಿ ಕೈಪಿಡಿಯ ವಿನ್ಯಾಸವು ದತ್ತಾಂಶದ ಪ್ರಾಮಾಣ್ಯಕ್ಕೆ ಸಂಬಂಧಿಸಿದ ವಿಷಯವಾಗುತ್ತದೆ. ಅದು ಭಾಷಾಶಾಸ್ತ್ರದ ವಿಷಯವೂ ಹೌದು ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

2. ಗ್ರಂಥಕ್ರಮದಿಂದ ಬಿಡಿಪುಟಕ್ಕೆ

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಸಿದ್ಧಪಡಿಸಿದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯು 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತಿದೆ. ಆದೇಶಗಳನ್ನು ಒಂದೊಂದಾಗಿ ಎತ್ತಿಕೊಂಡು ಹೆಸರು, ಪ್ರಯೋಗರೂಪ, ವಿವರಣೆ, ಸಂಬಂಧಿತ ಆದೇಶಗಳು, ತಿಳಿದಿರುವ ದೋಷಗಳು ಎಂಬಂತಹ ನಿಶ್ಚಿತ ಶೀರ್ಷಿಕೆಗಳ ಅಡಿಯಲ್ಲಿ ವಿವರಿಸುವುದು ಅದರ ಕ್ರಮ. ಆದೇಶದ ಹೆಸರು ಗೊತ್ತಿದ್ದವರಿಗೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆ ಬೇಕಿಲ್ಲ. ಹೆಸರೇ ಗೊತ್ತಿಲ್ಲದ, ಮಾಡಬೇಕಾದ ಕೆಲಸ ಮಾತ್ರ ಗೊತ್ತಿರುವ ಓದುಗರಿಗೆ ಇದು ಬಾಗಿಲಿಲ್ಲದ ಮನೆ.

ಐಬಿಎಂ ಸಂಸ್ಥೆಯ ಸಂಶೋಧಕರಾಗಿದ್ದ ಜಾನ್ ಕ್ಯಾರೊಲ್ ಅವರು 1980ರ ದಶಕದಲ್ಲಿ ಹೊಸ ಬಳಕೆದಾರರ ಕಲಿಕೆಯನ್ನು ಹತ್ತಿರದಿಂದ ಗಮನಿಸಿ, 1990ರಲ್ಲಿ ‘ದಿ ನ್ಯೂರ್ನ್‌ಬರ್ಗ್ ಫನೆಲ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ತಲೆಗೆ ಆಲಿಕೆಯಿಟ್ಟು ಜ್ಞಾನವನ್ನು ಸುರಿಯಬಹುದೆಂಬ ಹಳೆಯ ಜರ್ಮನ್ ಕಲ್ಪನೆಯಿಂದ ಆ ಹೆಸರು ಬಂದಿದೆ. ಕಲಿಯುವವರು ಕೈಪಿಡಿಯನ್ನು ಓದಿ ಮುಗಿಸಿ ಆಮೇಲೆ ಕೆಲಸ ಮಾಡುವುದಿಲ್ಲ, ಕೆಲಸಕ್ಕೆ ಕೈಹಾಕಿ ತೊಡಕು ಬಂದಾಗ ಮಾತ್ರ ಪುಟ ತಿರುವುತ್ತಾರೆ ಎಂಬುದು ಅವರ ಮುಖ್ಯ ಕಾಣ್ಕೆ. ಮುಂದೆ ಐಬಿಎಂನಲ್ಲಿಯೇ ರೂಪುಗೊಂಡು 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾದ ‘ಡಿಟಾ’ ವ್ಯವಸ್ಥೆಯು ಅಧ್ಯಾಯವನ್ನು ಬಿಟ್ಟು ‘ವಿಷಯಘಟಕ’ವನ್ನು ಮೂಲಮಾನವಾಗಿ ಸ್ವೀಕರಿಸಿತು. ಪರಿಕಲ್ಪನೆ, ಕಾರ್ಯ, ಆಕರ ಎಂಬ ಮೂರು ಬಗೆಯ ಘಟಕಗಳನ್ನು ಅದು ಬೇರ್ಪಡಿಸಿತು. ದಾನಿಯೆಲೆ ಪ್ರೊಚಿದಾ ಅವರ ‘ಡಯಾಟ್ಯಾಕ್ಸಿಸ್’ ಎಂಬ ಚೌಕಟ್ಟು ಕಲಿಕೆಯ ಪಾಠ, ಕಾರ್ಯಸೂಚಿ, ಆಕರ, ವಿವರಣೆ ಎಂಬ ನಾಲ್ಕು ವಿಧಗಳನ್ನು ಗುರುತಿಸುತ್ತದೆ.

ಈ ಬೆಳವಣಿಗೆಯನ್ನು ಪಠ್ಯಭಾಷಾಶಾಸ್ತ್ರದ ಕಣ್ಣಿನಿಂದ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಹ್ಯಾಲಿಡೇ ಮತ್ತು ಹಸನ್ ಅವರು 1976ರಲ್ಲಿ ವಿವರಿಸಿದ ಸಂಸಕ್ತಿಯ ಸಾಧನಗಳಲ್ಲಿ ಪರಾಮರ್ಶೆ ಮತ್ತು ಲೋಪ ಮುಖ್ಯವಾದವು. ಓದುಗರು ಹಿಂದಿನ ವಾಕ್ಯವನ್ನು ಓದಿದ್ದಾರೆ ಎಂಬ ಭರವಸೆಯ ಮೇಲೆಯೇ ಇವೆರಡೂ ಸಾಮಾನ್ಯವಾಗಿ ನಿಂತಿವೆ. ಬಿಡಿಪುಟದ ಕೈಪಿಡಿಯಲ್ಲಿ ಈ ಭರವಸೆ ಪುಟದ ಗಡಿಯಲ್ಲಿ ಕೊನೆಗೊಳ್ಳುತ್ತದೆ. ‘ಮೇಲೆ ಹೇಳಿದಂತೆ’, ‘ಹಿಂದಿನ ಅಧ್ಯಾಯದಲ್ಲಿ ಕಂಡ ಆ ಪಟ್ಟಿಯಲ್ಲಿ’ ಎಂಬ ಮಾತುಗಳಿಗೆ ಅಲ್ಲಿ ‘ಮೇಲೆ’ಯೂ ಇಲ್ಲ, ‘ಹಿಂದೆ’ಯೂ ಇಲ್ಲ.

3. ಅಷ್ಟಾಧ್ಯಾಯಿ ಮತ್ತು ಕೌಮುದಿ: ಎರಡು ವಿನ್ಯಾಸಗಳ ಪಾಠ

ಈ ಸಮಸ್ಯೆ ನಮ್ಮ ಶಾಸ್ತ್ರಪರಂಪರೆಗೆ ಹೊಸದಲ್ಲ. ಸುಮಾರು 4000 ಸೂತ್ರಗಳ ಅಷ್ಟಾಧ್ಯಾಯಿಯು ಲಾಘವವನ್ನು ಸಾಧಿಸಿರುವುದು ಬಹುಮಟ್ಟಿಗೆ ಅನುವೃತ್ತಿಯಿಂದ. ಒಂದು ಸೂತ್ರದಲ್ಲಿ ಬಂದ ಪದ ಮುಂದಿನ ಸೂತ್ರಗಳಿಗೂ ಹರಿದುಬರುತ್ತದೆ. ಸವರ್ಣದೀರ್ಘಸಂಧಿಯನ್ನು ವಿಧಿಸುವ ಸೂತ್ರದಲ್ಲಿ ‘ಸ್ವರವು ಪರವಾದಾಗ’ ಎಂಬ ಅರ್ಥದ ಪದವಿಲ್ಲ. ಅದು ಯಣ್‌ಸಂಧಿಯ ಸೂತ್ರದಿಂದ, 24 ಸೂತ್ರಗಳಷ್ಟು ಹಿಂದಿನಿಂದ, ಬರುತ್ತದೆ. ಎರಡಕ್ಕೂ ಬದಲಾಗಿ ಒಂದೇ ಆದೇಶ ಎಂಬ ಅರ್ಥವೂ ನಡುವಿನ ಇನ್ನೊಂದು ಅಧಿಕಾರಸೂತ್ರದಿಂದ ದೊರೆಯುತ್ತದೆ. ಇಡೀ ಗ್ರಂಥವನ್ನು ಕಂಠಸ್ಥ ಮಾಡಿಕೊಂಡವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಒಂದೇ ಸೂತ್ರವನ್ನು ಬಿಡಿಯಾಗಿ ಎತ್ತಿಕೊಂಡವರಿಗೆ ಮಾತ್ರ ಅದು ಅಪೂರ್ಣ.

ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯು ಇದೇ ಸೂತ್ರಗಳನ್ನು ಸಂಧಿ, ಸುಬಂತ, ಕಾರಕ, ಸಮಾಸ, ತಿಙಂತ ಮುಂತಾದ ಪ್ರಕ್ರಿಯೆಗಳಿಗೆ ಅನುಗುಣವಾಗಿ ಮರುಜೋಡಿಸಿತು. ರೂಪವನ್ನು ಸಾಧಿಸಬೇಕಾದ ವಿದ್ಯಾರ್ಥಿಗೆ ಬೇಕಾದ ಸೂತ್ರಗಳು ಈಗ ಒಂದೆಡೆ ಸಿಕ್ಕವು. ಆದರೆ ಸ್ಥಳಾಂತರದಿಂದ ಅನುವೃತ್ತಿಯ ಹರಿವು ಕಡಿಯಿತು. ಆ ಕೊರತೆಯನ್ನು ವೃತ್ತಿಯು ತುಂಬಿಕೊಟ್ಟಿತು: ಹರಿದುಬರಬೇಕಾಗಿದ್ದ ಪದಗಳನ್ನು ಪ್ರತಿ ಸೂತ್ರದ ವೃತ್ತಿಯಲ್ಲಿ ಬಾಯಿಬಿಟ್ಟು ಹೇಳಬೇಕಾಯಿತು. ವಿಷಯಾನುಸಾರಿಯಾದ ವಿನ್ಯಾಸಕ್ಕೆ ತೆರಬೇಕಾದ ಬೆಲೆ ಪುನರುಕ್ತಿ ಎಂಬುದು ಇಲ್ಲಿಯ ಮೊದಲ ಪಾಠ.

ಎರಡನೆಯ ಪಾಠವೂ ಇದೆ. ಅಷ್ಟಾಧ್ಯಾಯಿಯಲ್ಲಿ ಸೂತ್ರದ ಸ್ಥಾನಕ್ಕೇ ಅರ್ಥವಿದೆ. ಎರಡು ಸೂತ್ರಗಳ ನಡುವೆ ವಿರೋಧ ಬಂದಾಗ ಯಾವುದು ಬಲಿಷ್ಠ ಎಂಬುದನ್ನು, ಕೊನೆಯ ಮೂರು ಪಾದಗಳ ಕಾರ್ಯವು ಹಿಂದಿನ ಸೂತ್ರಗಳ ದೃಷ್ಟಿಯಲ್ಲಿ ಅಸಿದ್ಧ ಎಂಬುದನ್ನು ತಿಳಿಯಲು ಮೂಲಕ್ರಮ ಗೊತ್ತಿರಬೇಕು. ಕೌಮುದಿಯನ್ನು ಓದುವವರು ಸೂತ್ರಸಂಖ್ಯೆಯ ಮೂಲಕ ಅಷ್ಟಾಧ್ಯಾಯಿಯ ಕ್ರಮಕ್ಕೆ ಮರಳುತ್ತಲೇ ಇರಬೇಕಾಗುತ್ತದೆ. ಕಾರ್ಯಾನುಸಾರಿ ವಿನ್ಯಾಸವು ವ್ಯವಸ್ಥೆಯ ನಕ್ಷೆಯನ್ನು ಅಳಿಸಿಹಾಕಬಾರದು. ಎರಡೂ ಬೇಕು, ಎರಡರ ನಡುವೆ ಕೊಂಡಿಯೂ ಬೇಕು.

ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಪದರಗಳ ರಚನೆಯೂ ಇಲ್ಲಿ ಸ್ಮರಣೀಯ. ನಿಯಮ, ಅದರ ಬಿಡಿಸಿದ ಅರ್ಥ, ಬಳಕೆಯ ಉದಾಹರಣೆ ಈ ಮೂರೂ ಒಂದರ ಕೆಳಗೊಂದು ಇರುವುದರಿಂದ ಯಾವ ಸೂತ್ರವನ್ನು ತೆರೆದರೂ ಓದುಗರು ಬರಿಗೈಯಲ್ಲಿ ಮರಳುವುದಿಲ್ಲ.

4. ಪುಟದ ಉದ್ದೇಶ ಮತ್ತು ಕ್ರಿಯಾಪದದ ರೂಪ

ಡಯಾಟ್ಯಾಕ್ಸಿಸ್‌ನ ನಾಲ್ಕು ವಿಧಗಳನ್ನು ನಾಲ್ಕು ಬಗೆಯ ವಾಕ್‌ಕ್ರಿಯೆಗಳೆಂದು ನಾವು ಪರಿಗಣಿಸುತ್ತೇವೆ. ಕನ್ನಡದಲ್ಲಿ ಇವುಗಳ ವ್ಯತ್ಯಾಸ ಕ್ರಿಯಾಪದದ ಮೇಲೆಯೇ ಎದ್ದುಕಾಣುತ್ತದೆ. ಕಲಿಕೆಯ ಪಾಠವು ಓದುಗರನ್ನು ಜೊತೆಯಲ್ಲಿ ಕರೆದೊಯ್ಯುತ್ತದೆ. ‘ಈಗ ಧ್ವನಿಯನ್ನು ಮುದ್ರಿಸೋಣ’ ಎಂಬ ‘-ಓಣ’ ರೂಪ ಅದಕ್ಕೆ ಸಹಜ. ಕಾರ್ಯಸೂಚಿಯು ಗುರಿಯೊಂದನ್ನು ಇಟ್ಟುಕೊಂಡು ಬಂದವರಿಗೆ ದಾರಿ ತೋರಿಸುತ್ತದೆ; ‘ಅಳೆಯಬೇಕಿದ್ದರೆ ಇದನ್ನು ಒತ್ತಿರಿ’ ಎಂಬಂತೆ ಪಕ್ಷಾರ್ಥಕ ಮತ್ತು ವಿಧ್ಯರ್ಥಗಳು ಅಲ್ಲಿ ಜೋಡಿಯಾಗಿ ಬರುತ್ತವೆ. ಆಕರಪುಟವು ಇರುವುದನ್ನು ಇದ್ದಂತೆ ನಿರೂಪಿಸುತ್ತದೆ; ‘ಈ ಮೌಲ್ಯ ಮೇಲ್ಮಿತಿಯನ್ನು ನಿರ್ಧರಿಸುತ್ತದೆ’ ಎಂಬ ‘-ತ್ತದೆ’ ರೂಪ ಮತ್ತು ಕ್ರಿಯಾಪದವಿಲ್ಲದ ನಾಮವಾಕ್ಯಗಳು ಅದರ ಲಕ್ಷಣ. ವಿವರಣೆಯ ಪುಟವು ಕಾರಣಗಳನ್ನು ಕೊಡುತ್ತದೆ. ಅಲ್ಲಿ ‘-ಉದರಿಂದ’, ‘ಏಕೆಂದರೆ’ ಮುಂತಾದ ಹೇತುವಾಚಕಗಳು ಹೆಚ್ಚುತ್ತವೆ.

ಇದನ್ನು ಪರಿಷ್ಕರಣೆಯ ಸಾಧನವಾಗಿಯೂ ಬಳಸಬಹುದು. ಒಂದು ಪುಟದ ಪೂರ್ಣಕ್ರಿಯಾಪದಗಳನ್ನು ಮಾತ್ರ ಪಟ್ಟಿಮಾಡಿದಾಗ ವಿಧ್ಯರ್ಥಗಳ ನಡುವೆ ಏಳೆಂಟು ‘-ತ್ತದೆ’ ವಾಕ್ಯಗಳು ಸಾಲಾಗಿ ಬಂದರೆ, ಕಾರ್ಯಸೂಚಿಯೊಳಗೆ ಆಕರದ ಮಾಹಿತಿ ನುಗ್ಗಿದೆ ಎಂದು ತಿಳಿಯಬೇಕು.

ನಾಲ್ಕು ವಿಧಗಳಲ್ಲಿ ಕಲಿಕೆಯ ಪಾಠವೊಂದಕ್ಕೆ ಮಾತ್ರ ಅನುವೃತ್ತಿಯ ಹಕ್ಕಿದೆ. ಅಲ್ಲಿ ಓದುಗರು ಕ್ರಮವಾಗಿ ಬರುತ್ತಾರೆಂಬ ಒಪ್ಪಂದವಿರುತ್ತದೆ. ಉಳಿದ ಮೂರಕ್ಕೂ ಆ ಹಕ್ಕಿಲ್ಲ.

5. ನಿದರ್ಶನ: ಪ್ರಾಟ್‌ನಲ್ಲಿ ಸ್ವರಗಳ ಫಾರ್ಮಂಟ್ ಅಳತೆ

ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಅವರು ರೂಪಿಸಿದ ಪ್ರಾಟ್‌ನ ಕೈಪಿಡಿ ತಂತ್ರಾಂಶದೊಳಗೂ ಜಾಲತಾಣದಲ್ಲಿಯೂ ದೊರೆಯುತ್ತದೆ. ಅದರಲ್ಲಿ ಪರಿಚಯಾತ್ಮಕ ಪಾಠಗಳೂ, ಆದೇಶಗಳನ್ನು ವಿವರಿಸುವ ಪುಟಗಳೂ ಇವೆ. ಆದೇಶದ ಸಂವಾದಪಟ್ಟಿಕೆಯಲ್ಲಿರುವ ಸಹಾಯದ ಗುಂಡಿಯನ್ನು ಒತ್ತಿದರೆ ಆ ಆದೇಶದ ಪುಟವೇ ತೆರೆಯುತ್ತದೆ. ಬಿಡಿಪುಟದ ತತ್ತ್ವವನ್ನು ಬಹುಮಟ್ಟಿಗೆ ಪಾಲಿಸಿರುವ ಕೈಪಿಡಿ ಇದು.

ಫಾರ್ಮಂಟ್‌ಗಳನ್ನು ಅಳೆಯುವ ಆದೇಶದಲ್ಲಿ ಐದು ಫಾರ್ಮಂಟ್‌ಗಳು, 5500 ಹರ್ಟ್ಸ್ ಮೇಲ್ಮಿತಿ, 0.025 ಸೆಕೆಂಡಿನ ಕಿಟಕಿ ಎಂಬ ಮೌಲ್ಯಗಳು ಮೊದಲೇ ತುಂಬಿರುತ್ತವೆ. 5500 ಹರ್ಟ್ಸ್ ಎಂಬುದು ವಯಸ್ಕ ಸ್ತ್ರೀಯರ ಧ್ವನಿಗೆ ಸರಾಸರಿಯಾಗಿ ಹೊಂದುವ ಮೌಲ್ಯ, ವಯಸ್ಕ ಪುರುಷರಿಗೆ 5000 ಹರ್ಟ್ಸ್ ಬೇಕು, ಚಿಕ್ಕ ಮಕ್ಕಳಿಗೆ ಇದು 8000 ಹರ್ಟ್ಸ್‌ವರೆಗೂ ಏರಬಹುದು ಎಂಬ ಎಚ್ಚರಿಕೆ ಆ ಆದೇಶದ ಆಕರಪುಟದಲ್ಲಿದೆ. ಪುರುಷಧ್ವನಿಗೆ 5500 ಹರ್ಟ್ಸ್ ಅನ್ನೇ ಉಳಿಸಿಕೊಂಡರೆ ಕೆಳಗಿನ ಆವೃತ್ತಿಗಳಲ್ಲಿ ಇರಬೇಕಾದುದಕ್ಕಿಂತ ಕಡಿಮೆ ಫಾರ್ಮಂಟ್‌ಗಳು ಸಿಗುವ ಸಂಭವವಿದೆ. ‘ಊ’, ‘ಓ’ಗಳಂತಹ ಹಿಂಸ್ವರಗಳಲ್ಲಿ ಮೊದಲೆರಡು ಫಾರ್ಮಂಟ್‌ಗಳು ಹತ್ತಿರವಿರುವುದರಿಂದ ಅವೆರಡೂ ಒಂದಾಗಿ ಎಣಿಕೆಯಾಗಿ, ಮೂರನೆಯದು ಎರಡನೆಯದರ ಸ್ಥಾನಕ್ಕೆ ಬರಬಹುದು.

ಈಗ ಕನ್ನಡದಲ್ಲಿ ‘ಫಾರ್ಮಂಟ್ ಅಳೆಯುವುದು’ ಎಂಬ ಕಾರ್ಯಸೂಚಿಯೊಂದನ್ನು ಬರೆಯುತ್ತಿದ್ದೇವೆ ಎಂದುಕೊಳ್ಳೋಣ. ಹಂತಗಳನ್ನು ಚುಟುಕಾಗಿ ಕೊಟ್ಟು, ಮೌಲ್ಯಗಳ ವಿವರಕ್ಕೆ ಆಕರಪುಟದ ಕೊಂಡಿ ಕೊಡುವುದು ನಾಲ್ಕು ವಿಧಗಳ ವಿಂಗಡಣೆಗೆ ಅನುಗುಣವಾಗಿಯೇ ಇದೆ. ಆದರೂ ಅದು ತಪ್ಪು ವಿನ್ಯಾಸ. ಕೊಂಡಿಯನ್ನು ಒತ್ತದ ಓದುಗರ ಕೋಷ್ಟಕದಲ್ಲಿ ಪುರುಷರ ಸ್ವರಗಳು ಸ್ಥಾನ ತಪ್ಪಿರುತ್ತವೆ. ಆದ್ದರಿಂದ ನಾವು ಸೂಚಿಸುವ ಒರೆಗಲ್ಲು ಇದು: ಈ ವಾಕ್ಯವನ್ನು ಓದದಿದ್ದರೆ ಓದುಗರ ಫಲಿತಾಂಶ ತಪ್ಪುತ್ತದೆಯೇ? ತಪ್ಪುವುದಾದರೆ ಆ ವಾಕ್ಯ ಪುಟದಲ್ಲಿಯೇ, ಸಂಬಂಧಪಟ್ಟ ಹಂತದಲ್ಲಿಯೇ ಇರಬೇಕು. ಫಲಿತಾಂಶ ತಪ್ಪದೆ ತಿಳಿವಳಿಕೆ ಮಾತ್ರ ಕಡಿಮೆಯಾಗುವುದಾದರೆ ಕೊಂಡಿ ಸಾಕು.

ಈ ಒರೆಗಲ್ಲಿನ ಪ್ರಕಾರ ಪುಟ ಹೀಗಿರುತ್ತದೆ:

ಸ್ವರದ ಫಾರ್ಮಂಟ್‌ಗಳನ್ನು ಅಳೆಯುವುದು
ವ್ಯಾಪ್ತಿ: ಒಬ್ಬರೇ ಮಾತನಾಡಿರುವ ಧ್ವನಿಮುದ್ರಿಕೆ. ಅದನ್ನು ಪ್ರಾಟ್‌ನಲ್ಲಿ ಈಗಾಗಲೇ ತೆರೆದಿರಬೇಕು.
1. ವಸ್ತುಗಳ ಪಟ್ಟಿಯಲ್ಲಿ ಧ್ವನಿಯ ಹೆಸರನ್ನು ಆರಿಸಿರಿ.
2. ‘ಅನಲೈಸ್ ಸ್ಪೆಕ್ಟ್ರಮ್’ ಮೆನುವಿನಲ್ಲಿ ‘ಟು ಫಾರ್ಮಂಟ್ (ಬರ್ಗ್)’ ಆದೇಶವನ್ನು ಒತ್ತಿರಿ.
3. ಮಾತನಾಡಿದವರು ವಯಸ್ಕ ಪುರುಷರಾಗಿದ್ದರೆ ಮೇಲ್ಮಿತಿಯನ್ನು 5000 ಎಂದು ಬದಲಿಸಿರಿ. ವಯಸ್ಕ ಸ್ತ್ರೀಯರಾಗಿದ್ದರೆ 5500 ಎಂದೇ ಬಿಡಿರಿ. ಚಿಕ್ಕ ಮಕ್ಕಳಾಗಿದ್ದರೆ ಮೇಲ್ಮಿತಿಯನ್ನು ಹೆಚ್ಚಿಸಿರಿ; ಅದು 8000ದವರೆಗೂ ಹೋಗಬಹುದು.
4. ‘ಓಕೆ’ ಗುಂಡಿಯನ್ನು ಒತ್ತಿರಿ.
ಪರೀಕ್ಷೆ: ಧ್ವನಿಯನ್ನು ‘ವ್ಯೂ ಅಂಡ್ ಎಡಿಟ್’ ಗುಂಡಿಯಿಂದ ತೆರೆಯಿರಿ. ಅಲ್ಲಿಯ ಫಾರ್ಮಂಟ್ ವಿನ್ಯಾಸದಲ್ಲಿಯೂ ಅದೇ ಮೇಲ್ಮಿತಿಯನ್ನು ಕೊಡಿರಿ. ಕೆಂಪು ಚುಕ್ಕೆಗಳು ಸ್ಪೆಕ್ಟ್ರೋಗ್ರಾಮಿನ ಕಪ್ಪು ಪಟ್ಟಿಗಳ ಮೇಲೆ ಕುಳಿತಿರಬೇಕು.
ಕೊಂಡಿ: ಮೇಲ್ಮಿತಿಯು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದೇಕೆ?

ಕೊನೆಯ ಕೊಂಡಿ ವಿವರಣೆಯ ಪುಟಕ್ಕೆ ಹೋಗುತ್ತದೆ. ಸುಮಾರು 17.5 ಸೆಂಟಿಮೀಟರ್ ಉದ್ದದ ಧ್ವನಿನಾಳದಲ್ಲಿ ಸರಾಸರಿ 1000 ಹರ್ಟ್ಸ್‌ಗೊಂದು ಫಾರ್ಮಂಟ್ ಇರುವುದರಿಂದ 5000 ಹರ್ಟ್ಸ್‌ನೊಳಗೆ ಐದು ಸಿಗುತ್ತವೆ, ನಾಳ ಗಿಡ್ಡವಾದಂತೆ ಅವುಗಳ ನಡುವಣ ಅಂತರ ಹೆಚ್ಚುತ್ತದೆ ಎಂಬ ಕಾರಣ ಅಲ್ಲಿರುತ್ತದೆ. ಅದನ್ನು ಓದದಿದ್ದರೂ ಅಳತೆ ಸರಿಯಾಗಿಯೇ ಬರುತ್ತದೆ. ಮೂರನೆಯ ಹಂತವನ್ನು ಓದದಿದ್ದರೆ ಬರುವುದಿಲ್ಲ. ‘ವ್ಯಾಪ್ತಿ’ ಎಂಬ ಸಾಲು ಅಧಿಕಾರಸೂತ್ರದ ಕೆಲಸವನ್ನು ಮಾಡುತ್ತದೆ. ಒಂದೇ ವ್ಯತ್ಯಾಸವೆಂದರೆ ಈ ಅಧಿಕಾರ ಪುಟದೊಳಗೇ ಆರಂಭವಾಗಿ ಪುಟದೊಳಗೇ ಮುಗಿಯುತ್ತದೆ.

6. ಹಂತದ ವಾಕ್ಯ: ಭೂತನ್ಯೂನದ ತೊಡಕು

ಮೇಲಿನ ಮಾದರಿಯಲ್ಲಿ ವಿಧ್ಯರ್ಥಕ್ಕೆ ‘-ಇರಿ’ ರೂಪವನ್ನೇ ಬಳಸಿದ್ದೇವೆ. ಇದು ಗೌರವದ ಕಾರಣಕ್ಕೆ ಮಾತ್ರವಲ್ಲ. ಕನ್ನಡದ ಅನೇಕ ಧಾತುಗಳಲ್ಲಿ ಭೂತನ್ಯೂನ ಮತ್ತು ಬಹುವಚನ ವಿಧ್ಯರ್ಥದ ಹ್ರಸ್ವರೂಪ ಒಂದೇ ಆಗಿರುತ್ತವೆ: ಉಳಿಸಿ, ಅಳಿಸಿ, ಆರಿಸಿ, ಒತ್ತಿ, ಮಾಡಿ. ‘ತೆರೆದು’ ಮತ್ತು ‘ತೆರೆಯಿರಿ’, ‘ಬಿಟ್ಟು’ ಮತ್ತು ‘ಬಿಡಿ’ಗಳಲ್ಲಿ ಈ ಗೊಂದಲವಿಲ್ಲ. ಆದರೆ ತಂತ್ರಾಂಶದ ಮಾತಿನಲ್ಲಿ ಹೆಚ್ಚಾಗಿ ಬರುವುದು ‘-ಇಸು’ ಅಂತ್ಯದ ಧಾತುಗಳೇ. ‘ಕಡತವನ್ನು ಉಳಿಸಿ ಮುಚ್ಚಿ’ ಎಂಬ ವಾಕ್ಯ ಎರಡು ಆಜ್ಞೆಗಳೋ, ಉಳಿಸಿದ ಮೇಲೆ ಮುಚ್ಚಬೇಕೆಂಬ ಒಂದೇ ಆಜ್ಞೆಯೋ? ಇಲ್ಲಿ ಫಲ ಒಂದೇ. ‘ಮುಂದಿನ ಪುಟದ ಪಟ್ಟಿಯನ್ನು ಅಳಿಸಿ ಹೊಸ ಹೆಸರು ಕೊಡಿ’ ಎಂಬಲ್ಲಿ ಅಳಿಸುವುದು ಪೂರ್ವಸಿದ್ಧತೆಯೋ, ಹೆಸರು ಕೊಡುವ ಕೆಲಸದ ಅಂಗವೋ ತಿಳಿಯದು. ಹಂತದ ನಡುವೆ ಸಾಲು ಮುರಿದು ‘ಅಳಿಸಿ’ ಎಂಬುದು ಸಾಲಿನ ಕೊನೆಗೆ ಬಂದರಂತೂ ವಾಕ್ಯ ಮುಗಿದಂತೆಯೇ ತೋರುತ್ತದೆ. ಹಂತಕ್ಕೊಂದೇ ಆಜ್ಞೆ, ಆಜ್ಞೆಗೆ ‘-ಇರಿ’ ಎಂಬ ನಿಯಮ ಈ ತೊಡಕನ್ನು ನಿವಾರಿಸುತ್ತದೆ.

ಗುಂಡಿಗಳ ಮೇಲಿನ ಪದಕ್ಕೆ ಬೇರೆ ನಿಯಮ ಬೇಕು. ಕೈಪಿಡಿಯಲ್ಲಿ ಬರಹಗಾರರು ಓದುಗರೊಡನೆ ಮಾತನಾಡುತ್ತಾರೆ. ಗುಂಡಿಯ ಮೂಲಕ ಓದುಗರು ಯಂತ್ರದೊಡನೆ ಮಾತನಾಡುತ್ತಾರೆ. ಯಂತ್ರಕ್ಕೆ ‘ಉಳಿಸು’ ಎಂಬ ಏಕವಚನ, ಓದುಗರಿಗೆ ‘ಉಳಿಸಿರಿ’ ಎಂಬ ಬಹುವಚನ ಇದ್ದಾಗ, ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ವ್ಯಾಕರಣದಿಂದಲೇ ಸ್ಪಷ್ಟವಾಗುತ್ತದೆ.

ಷರತ್ತಿನ ವಿಷಯದಲ್ಲಿ ಕನ್ನಡಕ್ಕೆ ಸಹಜವಾದ ಅನುಕೂಲವಿದೆ. ಇಂಗ್ಲಿಷ್ ಕೈಪಿಡಿಯ ಬರಹಗಾರರಿಗೆ ‘ಮೊದಲು ಷರತ್ತು, ಆಮೇಲೆ ಸೂಚನೆ’ ಎಂದು ಶೈಲಿನಿಯಮಗಳು ನೆನಪಿಸಬೇಕಾಗುತ್ತದೆ; ಗೂಗಲ್‌ನ ಶೈಲಿಕೈಪಿಡಿಯಲ್ಲಿ ಇಂತಹ ನಿಯಮವಿದೆ. ಕನ್ನಡದಲ್ಲಿ ಪಕ್ಷಾರ್ಥಕವು ಪ್ರಧಾನಕ್ರಿಯೆಗಿಂತ ಮೊದಲು ಬರುವುದೇ ವಾಡಿಕೆ. ಇಂಗ್ಲಿಷ್ ಕ್ರಮವನ್ನು ಅನುಸರಿಸಿ ‘5000 ಎಂದು ಬದಲಿಸಿರಿ, ಪುರುಷರಾಗಿದ್ದರೆ’ ಎಂದು ಬರೆದರೆ ಓದುಗರು ಷರತ್ತನ್ನು ನೋಡುವ ಮೊದಲೇ ಕೈ ಓಡಿಸಿರುತ್ತಾರೆ.

ಕರ್ಮಪದದ ಲೋಪಕ್ಕೂ ಮಿತಿ ಬೇಕು. ಕರ್ತೃ ಯಾವಾಗಲೂ ಓದುಗರೇ ಆದ್ದರಿಂದ ‘ನೀವು’ ಎಂಬುದು ಲೋಪವಾದರೆ ಹಾನಿಯಿಲ್ಲ. ‘ಬದಲಿಸಿರಿ. ನಂತರ ಉಳಿಸಿರಿ’ ಎಂಬಲ್ಲಿ ಉಳಿಸಬೇಕಾದುದು ಧ್ವನಿಯನ್ನೋ, ಅಳತೆಯನ್ನೋ, ಮೌಲ್ಯಗಳನ್ನೋ ಎಂಬುದು ತಿಳಿಯದು. ಹಂತದಿಂದ ಹಂತಕ್ಕೆ ಕರ್ಮಪದವನ್ನು ಮರುನುಡಿಯುವುದು ಶೈಲಿಯ ದೋಷವಲ್ಲ.

7. ಶೀರ್ಷಿಕೆ ಮತ್ತು ಹುಡುಕಾಟ

ಇಂಗ್ಲಿಷಿನ ಕಾರ್ಯಶೀರ್ಷಿಕೆಯಲ್ಲಿ ಕ್ರಿಯೆ ಮೊದಲು ಬರುತ್ತದೆ. ಅಕ್ಷರಾನುಕ್ರಮದಲ್ಲಿ ಜೋಡಿಸಿದಾಗ ‘ಉಳಿಸುವ’ ಕೆಲಸಗಳೆಲ್ಲ ಒಂದೆಡೆ, ‘ತೆರೆಯುವ’ ಕೆಲಸಗಳೆಲ್ಲ ಇನ್ನೊಂದೆಡೆ ಸೇರುತ್ತವೆ. ಕನ್ನಡದಲ್ಲಿ ಕರ್ಮ ಮೊದಲು ಬರುವುದರಿಂದ ‘ಕಡತವನ್ನು ಅಳಿಸುವುದು’, ‘ಕಡತವನ್ನು ಉಳಿಸುವುದು’, ‘ಕಡತವನ್ನು ತೆರೆಯುವುದು’ ಎಂದು ವಸ್ತುವಿನ ಸುತ್ತ ಗುಂಪುಗೂಡುತ್ತವೆ. ಅನುವಾದಿತ ವಿಷಯಸೂಚಿಯಲ್ಲಿ ಇಂಗ್ಲಿಷಿನ ಕ್ರಮವನ್ನೇ ಉಳಿಸಿದರೆ ಓದುಗರ ಕಣ್ಣಿಗೆ ಯಾವ ಕ್ರಮವೂ ಕಾಣುವುದಿಲ್ಲ. ಕನ್ನಡ ಕೈಪಿಡಿಯ ಸೂಚಿಯು ಮೊದಲು ವಸ್ತು, ಅದರಡಿ ಕ್ರಿಯೆ ಎಂಬ ಎರಡು ಹಂತಗಳಲ್ಲಿರುವುದು ಭಾಷೆಗೆ ಒಪ್ಪುತ್ತದೆ. ಇದಕ್ಕೆ ಮತ್ತೊಂದು ಕಾರಣವೂ ಇದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಉದ್ದದ ಶೀರ್ಷಿಕೆಯ ತುದಿಯನ್ನು ಕತ್ತರಿಸಿ ಚುಕ್ಕೆಗಳನ್ನು ಇಡುವುದುಂಟು. ಇಂಗ್ಲಿಷಿನಲ್ಲಿ ಆಗ ಕರ್ಮ ಕಾಣದಾಗುತ್ತದೆ; ಕನ್ನಡದಲ್ಲಿ ಕ್ರಿಯೆಯೇ ಕಾಣದಾಗುತ್ತದೆ. ‘ಧ್ವನಿಮುದ್ರಿಕೆಯ ಕಡತವನ್ನು…’ ಎಂಬ ಮೂರು ಸಾಲುಗಳಲ್ಲಿ ಯಾವುದು ಅಳಿಸುವುದಕ್ಕೆ, ಯಾವುದು ಉಳಿಸುವುದಕ್ಕೆ ಎಂದು ಊಹಿಸಬೇಕಾಗುತ್ತದೆ.

ಹುಡುಕಾಟದ ತೊಡಕು ಲಿಪಿಯ ಮಟ್ಟದಲ್ಲಿಯೇ ಆರಂಭವಾಗುತ್ತದೆ. ‘ಫೈಲ್’ ಎಂದು ಬೆರಳಚ್ಚು ಮಾಡಿದಾಗ ಕೊನೆಯಲ್ಲಿ ಹಲಂತದ ಚಿಹ್ನೆ ಒಂದು ಪ್ರತ್ಯೇಕ ಸಂಕೇತವಾಗಿ ದಾಖಲಾಗುತ್ತದೆ. ‘ಫೈಲನ್ನು’, ‘ಫೈಲಿನಲ್ಲಿ’, ‘ಫೈಲು’ಗಳಲ್ಲಿ ಆ ಸ್ಥಾನದಲ್ಲಿ ಹಲಂತವಿಲ್ಲ. ಸಂಕೇತಗಳನ್ನು ಮಾತ್ರ ಹೋಲಿಸುವ ಹುಡುಕಾಟಕ್ಕೆ ಇವು ಬೇರೆ ಬೇರೆ ಪದಗಳು. ‘ಫೈಲ್‌ನಲ್ಲಿ’ ಎಂಬಲ್ಲಿ ಒತ್ತಕ್ಷರವಾಗುವುದನ್ನು ತಡೆಯುವ ಅಗೋಚರ ಸಂಕೇತವೊಂದು ಸೇರಿರುತ್ತದೆ. ಅದನ್ನು ಬಿಟ್ಟು ಬರೆದ ರೂಪಕ್ಕೆ ಇದು ಹೊಂದುವುದಿಲ್ಲ. ‘ಇಡು’ವಿನಿಂದ ‘ಇಟ್ಟು’, ‘ಕೊಡು’ವಿನಿಂದ ‘ಕೊಟ್ಟು’ ಎಂಬ ಧಾತುವಿಕಾರಗಳಿಗೆ, ‘ಕಡತವಿಲ್ಲ’ದಂತಹ ಸಂಧಿರೂಪಗಳಿಗೆ ಪದವಿಶ್ಲೇಷಕವೇ ಬೇಕು. ಅದು ಕೈಗೆಟುಕುವವರೆಗೆ ವಿನ್ಯಾಸದಿಂದಲೇ ಪರಿಹಾರ ಕಂಡುಕೊಳ್ಳಬಹುದು. ಪ್ರತಿ ಪುಟಕ್ಕೂ ವಿಭಕ್ತಿಯಿಲ್ಲದ ಪ್ರಾತಿಪದಿಕಗಳ ಮತ್ತು ಪರ್ಯಾಯ ಪದಗಳ ಸೂಚಿಯೊಂದನ್ನು ಸೇರಿಸಬೇಕು: ಕಡತ, ಫೈಲು, ಫೈಲ್, ಉಳಿಸು, ಸೇವ್ ಮಾಡು, ಅಳಿಸು, ಡಿಲೀಟ್ ಮಾಡು. ಪಾರಿಭಾಷಿಕ ಪದದ ಆಯ್ಕೆ ಕುರಿತ ವಾದವೂ ಇದರಿಂದ ತಣ್ಣಗಾಗುತ್ತದೆ. ಶೀರ್ಷಿಕೆಯಲ್ಲಿ ಒಂದೇ ಪದವನ್ನು ಸ್ಥಿರವಾಗಿ ಬಳಸಬೇಕು, ಸೂಚಿಯಲ್ಲಿ ಜನ ಬಳಸುವ ಎಲ್ಲ ಪದಗಳಿಗೂ ಬಾಗಿಲು ತೆರೆದಿರಬೇಕು.

8. ಪುನರುಕ್ತಿ ಮತ್ತು ಮರುಬಳಕೆ

ನಮ್ಮ ವಾದಕ್ಕೆ ಬರಬಹುದಾದ ಪ್ರಬಲ ಆಕ್ಷೇಪವೆಂದರೆ ನಿರ್ವಹಣೆಯದು. ಒಂದೇ ಎಚ್ಚರಿಕೆಯನ್ನು ಹತ್ತು ಪುಟಗಳಲ್ಲಿ ಬರೆದರೆ ತಂತ್ರಾಂಶ ಬದಲಾದಾಗ ಹತ್ತೂ ಕಡೆ ತಿದ್ದಬೇಕು. ಇದಕ್ಕೆ ಡಿಟಾದಂತಹ ವ್ಯವಸ್ಥೆಗಳ ಉತ್ತರ ಮರುಬಳಕೆ: ಪಠ್ಯವನ್ನು ಒಂದೆಡೆ ಬರೆದು ಹಲವೆಡೆ ಸೇರಿಸುವುದು. ಈ ಉತ್ತರವನ್ನು ನಾವು ಒಪ್ಪುತ್ತೇವೆ, ಒಂದು ನಿರ್ಬಂಧದೊಡನೆ. ಮರುಬಳಕೆಯ ಘಟಕವು ವಾಕ್ಯಕ್ಕಿಂತ ಚಿಕ್ಕದಾಗಿರಕೂಡದು.

ಖಾಲಿಬಿಟ್ಟ ಜಾಗದಲ್ಲಿ ಹೆಸರನ್ನು ತುಂಬುವ ಪದ್ಧತಿ ಕನ್ನಡದಲ್ಲಿ ವಿಭಕ್ತಿಯ ಬಳಿ ಮುಗ್ಗರಿಸುತ್ತದೆ. ಕಡತವನ್ನು, ಪಟ್ಟಿಯನ್ನು, ಫೈಲನ್ನು; ಕಡತಕ್ಕೆ, ಪಟ್ಟಿಗೆ, ಫೈಲಿಗೆ. ಪ್ರತ್ಯಯದ ರೂಪವು ಪ್ರಕೃತಿಯ ಅಂತ್ಯವನ್ನು ಅವಲಂಬಿಸಿದೆ. ತಂತ್ರಾಂಶಗಳ ಕನ್ನಡದಲ್ಲಿ ‘ಅನ್ನು’, ‘ಗೆ’, ‘ನಲ್ಲಿ’ಗಳು ಪದದಿಂದ ಕಳಚಿ ಒಂಟಿಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅನುವಾದಕ್ಕೆ ಕೊಡುವ ಪಠ್ಯವು ಪೂರ್ಣವಾಕ್ಯವಾಗಿರಬೇಕೆಂದು ಗ್ನೂ ಗೆಟ್‌ಟೆಕ್ಸ್ಟ್‌ನ ಕೈಪಿಡಿ ಕೂಡ ಸಲಹೆ ನೀಡುತ್ತದೆ. ಗುಂಡಿಯ ಹೆಸರನ್ನು ಬದಲಿಸದೆ ಬಳಸಬೇಕಾದಲ್ಲಿ ‘‘ಉಳಿಸು’ ಗುಂಡಿಯನ್ನು’, ‘‘ಕಡತ’ ಮೆನುವಿನಲ್ಲಿ’ ಎಂಬಂತೆ ಜಾತಿವಾಚಕವೊಂದನ್ನು ಜೊತೆಗಿಟ್ಟು ವಿಭಕ್ತಿಯ ಹೊರೆಯನ್ನು ಅದಕ್ಕೆ ವಹಿಸುವುದು ಉತ್ತಮ. ಈ ರಚನೆ ಕನ್ನಡಕ್ಕೆ ಸಹಜವಾದುದೇ. ‘ಮೈಸೂರು ನಗರದಲ್ಲಿ’ ಎನ್ನುವಾಗಲೂ ನಾವು ಇದನ್ನೇ ಮಾಡುತ್ತೇವೆ.

9. ಉಪಸಂಹಾರ

ಆನ್‌ಲೈನ್ ಕೈಪಿಡಿಯ ವಿನ್ಯಾಸವನ್ನು ಕುರಿತು ನಾವು ಪ್ರತಿಪಾದಿಸಿದ ಅಂಶಗಳು ಹೀಗಿವೆ. ಪುಟವೊಂದಕ್ಕೆ ಒಂದೇ ಉದ್ದೇಶವಿರಬೇಕು, ಆ ಉದ್ದೇಶ ಕ್ರಿಯಾಪದದ ರೂಪದಲ್ಲಿ ಕಾಣಬೇಕು. ಪುಟದ ಅಧಿಕಾರವನ್ನು ಪುಟದಲ್ಲಿಯೇ ಘೋಷಿಸಬೇಕು. ಫಲಿತಾಂಶವನ್ನು ಬದಲಿಸುವ ಷರತ್ತು ಆಯಾ ಹಂತದಲ್ಲಿಯೇ ಇರಬೇಕು, ತಿಳಿವಳಿಕೆಯನ್ನು ಹೆಚ್ಚಿಸುವ ವಿವರಣೆಗೆ ಕೊಂಡಿ ಸಾಕು. ಕಾರ್ಯಾನುಸಾರಿ ಪುಟಗಳ ಜೊತೆಗೆ ವ್ಯವಸ್ಥೆಯ ಕ್ರಮವನ್ನು ಕಾಪಾಡುವ ಆಕರಭಾಗವೂ ಇರಬೇಕು.

ಶೀರ್ಷಿಕೆಯ ಪದಕ್ರಮ, ಸೂಚಿಯ ಜೋಡಣೆ, ಹಂತದ ವಾಕ್ಯ, ಮರುಬಳಕೆಯ ಘಟಕ ಇವೆಲ್ಲವೂ ಭಾಷೆಯಿಂದ ಭಾಷೆಗೆ ಬದಲಾಗುವುದರಿಂದ, ಇಂಗ್ಲಿಷಿನಲ್ಲಿ ಸಿದ್ಧವಾದ ವಿನ್ಯಾಸದೊಳಗೆ ಕನ್ನಡದ ವಾಕ್ಯಗಳನ್ನು ತುಂಬಿದರೆ ಕನ್ನಡದ ಕೈಪಿಡಿಯಾಗದು. ಪಾರಿಭಾಷಿಕ ಪದಕೋಶವನ್ನು ಸಿದ್ಧಪಡಿಸುವ ತಂಡದಲ್ಲಿ ಭಾಷಾಶಾಸ್ತ್ರಜ್ಞರಿಗೆ ಸ್ಥಾನವಿರುವಂತೆಯೇ ಪುಟಗಳ ವಿಂಗಡಣೆಯನ್ನು ನಿರ್ಧರಿಸುವ ಹಂತದಲ್ಲಿಯೂ ಸ್ಥಾನವಿರಬೇಕು. ಸಂಶೋಧನಾ ವಿದ್ಯಾರ್ಥಿಗಳು ತಾವು ಬಳಸುವ ಒಂದು ತಂತ್ರಾಂಶದ ಒಂದು ಕಾರ್ಯವನ್ನು ಎತ್ತಿಕೊಂಡು ಇಂತಹ ಒಂದು ಪುಟವನ್ನು ಬರೆದು, ಆ ತಂತ್ರಾಂಶವನ್ನು ಎಂದೂ ಬಳಸದ ಸಹಪಾಠಿಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ಗಮನಿಸಬಹುದು. ತಡವರಿಸಿದ ಕಡೆಯಲ್ಲಿ ಬಹುಶಃ ಹರಿದುಬರದೆ ಹೋದ ಒಂದು ಪದವಿರುತ್ತದೆ.